ನೋಡುಗರೇ ನಿರ್ಮಾಪಕರಾದಾಗ



ಸ್ಟುಡಿಯೋ ಮತ್ತು ದೊಡ್ಡ ಬ್ಯಾನರ್‌ಗಳ ಆಸರೆಯಿಲ್ಲದೆ ಸಿನಿಮಾ ಮಾಡಿದವರನ್ನು ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ಈ ವಿಷಯ ಬಂದಾಗಲೆಲ್ಲ ನಾವು ಕಷ್ಟದ ಕಥೆಗಳನ್ನು ಹೇಳುತ್ತೇವೆ. ಸತ್ಯಜಿತ್ ರಾಯ್ ಮನೆಯ ಒಡವೆ ಅಡವಿಟ್ಟು ‘ಪಥೇರ್ ಪಾಂಚಾಲಿ’ ಶುರು ಮಾಡಿದ್ದು, ದುಡ್ಡು ಮುಗಿದು ಚಿತ್ರೀಕರಣ ತಿಂಗಳುಗಟ್ಟಲೆ ನಿಂತದ್ದು, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಕೈಹಿಡಿದು 1955ರಲ್ಲಿ ಚಿತ್ರ ತೆರೆಕಂಡದ್ದು ನಮಗೆಲ್ಲ ಬಾಯಿಪಾಠ. ಇಂಥ ಕಥೆಗಳು ಕೆಚ್ಚು ತುಂಬುತ್ತವೆ, ನಿಜ. ಆದರೆ ಒಬ್ಬರ ಛಲವನ್ನು ಇನ್ನೊಬ್ಬರು ಎರವಲು ಪಡೆಯಲಾಗದು. ವಿಧಾನವನ್ನು ಪಡೆಯಬಹುದು. ಆದ್ದರಿಂದ ಇವತ್ತು ವಿಧಾನದ ಬಗ್ಗೆ ಮಾತನಾಡುತ್ತೇನೆ. ದುಡ್ಡು ಎಲ್ಲಿಂದ ಬಂತು, ಕೊಟ್ಟವರು ಪ್ರತಿಯಾಗಿ ಏನು ಕೇಳಿದರು, ಮುಗಿದ ಚಿತ್ರವನ್ನು ಯಾರು ನೋಡಿದರು ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ಕೆಲವು ಚಿತ್ರಗಳ ಬಳಿಗೆ ಹೋಗೋಣ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಬೇಕಾದ ಚಿತ್ರವನ್ನು ಬೇಕಾದಂತೆ ಮಾಡುವ ಸ್ವಾತಂತ್ರ್ಯವನ್ನು ಕನ್ನಡ ಐವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಗಳಿಸಿಕೊಂಡಿದೆ. ಅದನ್ನು ಜನಕ್ಕೆ ತೋರಿಸುವ ಸ್ವಾತಂತ್ರ್ಯವನ್ನು ಇನ್ನೂ ಗಳಿಸಿಲ್ಲ. ಎರಡನ್ನೂ ಒಟ್ಟಿಗೆ ಸಾಧಿಸಿದ ಪ್ರಯತ್ನಗಳು ಭಾರತದಲ್ಲಿ ನಡೆದಿವೆ. ಅಲ್ಲಿ ಚಿತ್ರ ನೋಡಬೇಕಾದವರೇ ಅದಕ್ಕೆ ದುಡ್ಡು ಹಾಕಿದ್ದರು.

ಗೆಳೆಯರ ದುಡ್ಡು, ಗೆಳೆಯರ ದುಡಿಮೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಆಮೇಲೂ ಬಹುಕಾಲ ಹೆಚ್ಚಿನ ಕನ್ನಡ ಚಿತ್ರಗಳು ಮದ್ರಾಸಿನಲ್ಲಿ ತಯಾರಾದವು, ಯಾಕೆಂದರೆ ಕ್ಯಾಮೆರಾ, ದೀಪ, ಧ್ವನಿಗ್ರಹಣ, ಲ್ಯಾಬ್ ಎಲ್ಲವೂ ಇದ್ದದ್ದು ಅಲ್ಲಿ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಸಾವಿರ ಅಡಿಯ ರೋಲು ಹನ್ನೊಂದು ನಿಮಿಷಕ್ಕೆ ಖಾಲಿ. ಎರಡು ಗಂಟೆಯ ಚಿತ್ರವೆಂದರೆ 10,800 ಅಡಿ. ಪ್ರತಿ ದೃಶ್ಯವನ್ನೂ ನಾಲ್ಕು ಸಲ ತೆಗೆದರೆ ನಲವತ್ತು ಸಾವಿರ ಅಡಿಗೂ ಮೀರಿದ ಕಚ್ಚಾ ಫಿಲ್ಮ್ ಬೇಕು. ಇದಕ್ಕೆ ಫ್ಲೋರ್ ಬಾಡಿಗೆ, ಲ್ಯಾಬ್ ಬಿಲ್ಲು, ಪ್ರಿಂಟಿನ ಖರ್ಚು ಸೇರಿದರೆ ಸಾಮಾನ್ಯರ ಕೈಗೆಟುಕುವ ಮೊತ್ತ ಉಳಿಯುತ್ತಿರಲಿಲ್ಲ. ಅಷ್ಟು ದುಡ್ಡು ಕೊಡುವ ಫೈನಾನ್ಸಿಯರ್ ತನ್ನ ಬಡ್ಡಿ ಸಮೇತ ಅಸಲು ವಾಪಸು ಬರುವ ಖಾತ್ರಿ ಕೇಳುತ್ತಿದ್ದ. ಆ ಖಾತ್ರಿಯ ಹೆಸರೇ ಸ್ಟಾರು, ಹಾಡು, ಹೊಡೆದಾಟ, ಹಾಸ್ಯದ ಟ್ರ್ಯಾಕು. ಜನಪ್ರಿಯ ಸಿನಿಮಾದ ರೂಪವನ್ನು ನಿರ್ದೇಶಕರ ಅಭಿರುಚಿಯಷ್ಟೇ ಸಾಲದ ಕರಾರೂ ತಿದ್ದಿದೆ.

1970ರಲ್ಲಿ ಬಂದ ‘ಸಂಸ್ಕಾರ’ ಈ ಕರಾರಿನ ಹೊರಗೆ ಹುಟ್ಟಿತು. ನೆಲ್ಲೂರಿನ ಕಡೆಯ ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ ಅದರ ನಿರ್ಮಾಪಕರೂ ನಿರ್ದೇಶಕರೂ ಆಗಿದ್ದರು. ರಾಮಮನೋಹರ ಲೋಹಿಯಾ ಅವರ ವಿಚಾರಗಳನ್ನು ನಂಬಿದ್ದ ಅವರು ತಮ್ಮ ಸಂಸ್ಥೆಗೆ ರಾಮಮನೋಹರ ಚಿತ್ರ ಎಂದೇ ಹೆಸರಿಟ್ಟಿದ್ದರು. ಯು.ಆರ್. ಅನಂತಮೂರ್ತಿಯವರ ಕಾದಂಬರಿಗೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ಮಾಡಿದವರು ಗಿರೀಶ ಕಾರ್ನಾಡ. ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ, ನಾರಣಪ್ಪನಾಗಿ ಪಿ. ಲಂಕೇಶ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದ್ದು, ಕಲಾ ನಿರ್ದೇಶನ ಚಿತ್ರಕಲಾವಿದ ಎಸ್.ಜಿ. ವಾಸುದೇವ ಅವರದ್ದು. ಮದ್ರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ನಾಟಕ ತಂಡದ ನಂಟು ಹಲವರಿಗಿತ್ತು. ಶೃಂಗೇರಿ ಹತ್ತಿರದ ವೈಕುಂಠಪುರವೇ ಅವರ ಸ್ಟುಡಿಯೋ ಆಯಿತು. ಇಡೀ ಚಿತ್ರ ಒಂದು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಮುಗಿಯಿತು.

ಇಷ್ಟು ಕಡಿಮೆ ದುಡ್ಡಿನಲ್ಲಿ ಮುಗಿದದ್ದಕ್ಕೆ ಆ ಕವಿಗಳು, ನಾಟಕದವರು, ಚಿತ್ರಕಾರರು ಬೇರೆ ಕಡೆ ಗಳಿಸಿದ ಪಳಗಿಕೆಯನ್ನು ಇಲ್ಲಿ ಧಾರೆಯೆರೆದದ್ದು ಕಾರಣ. ಹಾಗಾಗಿ ಚಿತ್ರದಲ್ಲಿ ಯಾರನ್ನೂ ಮೆಚ್ಚಿಸಲು ಸೇರಿಸಿದ ಹಾಡಿಲ್ಲ. ಅಗ್ರಹಾರದಲ್ಲಿ ಸಂಸ್ಕಾರವಿಲ್ಲದೆ ಉಳಿದ ಹೆಣವೊಂದನ್ನು ಕಥೆಯ ನಡುವಿನಲ್ಲಿಟ್ಟು, ಜಾತಿ ಮತ್ತು ಶಾಸ್ತ್ರದ ಬಗ್ಗೆ ಕಣ್ಣು ತಪ್ಪಿಸದೆ ಮಾತನಾಡುವ ಧೈರ್ಯ ಅದಕ್ಕೆ ಬಂತು. ಆ ಧೈರ್ಯಕ್ಕೆ ಬೆಲೆಯನ್ನೂ ತೆರಬೇಕಾಯಿತು. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಯಿತು. ಕೇಂದ್ರ ಸರ್ಕಾರದ ಮಟ್ಟದಲ್ಲಿ ತಡೆ ತೆರವಾದ ಮೇಲೆ ಅದೇ ಚಿತ್ರ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ದಾರಿ ತೆರೆಯಿತು. ಬಿ.ವಿ. ಕಾರಂತ ಮತ್ತು ಕಾರ್ನಾಡರ ‘ವಂಶವೃಕ್ಷ’, ಕಾರ್ನಾಡರ ‘ಕಾಡು’, ಕಾರಂತರ ‘ಚೋಮನ ದುಡಿ’ (1975), ಲಂಕೇಶರ ‘ಪಲ್ಲವಿ’ (1976), ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977), ಪ್ರೇಮಾ ಕಾರಂತರ ‘ಫಣಿಯಮ್ಮ’ (1983). ‘ಘಟಶ್ರಾದ್ಧ’ಕ್ಕೆ ಹಣ ಹೂಡಿದ ಸದಾನಂದ ಸುವರ್ಣ ಮುಂಬಯಿಯ ಕನ್ನಡ ರಂಗಭೂಮಿಯವರು ಎಂಬುದನ್ನು ನೆನೆಯಬೇಕು. ಸಿನಿಮಾದ ಹೊರಗಿನ ಸಂಸ್ಕೃತಿಯ ಬಳಗವೊಂದು ಸಿನಿಮಾವನ್ನು ಸಾಕಿತು. ರಾಜ್ಯ ಸರ್ಕಾರದ ಸಬ್ಸಿಡಿಯೂ ಇಂಥವರ ಬೆನ್ನಿಗೆ ನಿಂತಿತು. ಆ ಋಣವನ್ನು ಮರೆಯಬಾರದು.

ಇನ್ನು ನಮ್ಮ ಮೂರನೆಯ ಪ್ರಶ್ನೆ. ಈ ಚಿತ್ರಗಳನ್ನು ಯಾರು ನೋಡಿದರು? ನಗರಗಳಲ್ಲಿ ಬೆಳಗಿನ ಆಟಗಳಿಗೆ ಹೋದವರು ನೋಡಿದರು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳ ಸದಸ್ಯರು ನೋಡಿದರು. ಬಹಳ ಕಾಲದ ನಂತರ ದೂರದರ್ಶನದಲ್ಲಿ ಉಳಿದವರು ನೋಡಿದರು. ಚೋಮನಂಥ ಬದುಕು ಬಾಳಿದವರ ಊರಿಗೆ ‘ಚೋಮನ ದುಡಿ’ಯನ್ನು ಒಯ್ಯುವ ಏರ್ಪಾಡು ಚಿತ್ರ ಮಾಡಿದವರ ಕೈಯಲ್ಲಿರಲಿಲ್ಲ. ದುಡ್ಡು ಗೆಳೆಯರ ಬಳಗದಿಂದ ಬಂತು, ಚಿತ್ರವೂ ಬಹುಮಟ್ಟಿಗೆ ಅಂಥದೇ ಬಳಗಗಳೊಳಗೆ ಸುತ್ತಿತು.

ಎರಡು ರೂಪಾಯಿಯ ನಿರ್ಮಾಪಕರು

ಇದೇ ಹೊತ್ತಿಗೆ ಗುಜರಾತಿನಲ್ಲಿ ಬೇರೊಂದು ಲೆಕ್ಕ ನಡೆಯಿತು. ಶ್ಯಾಮ್ ಬೆನಗಲ್ ಹಾಲು ಉತ್ಪಾದಕರ ಸಹಕಾರ ಚಳವಳಿಯ ಬಗ್ಗೆ ಕಥಾಚಿತ್ರ ಮಾಡಬಯಸಿದರು. ಆ ಚಳವಳಿಯ ಮುಂದಾಳು ಡಾ. ವರ್ಗೀಸ್ ಕುರಿಯನ್ ಸೂಚಿಸಿದ ದಾರಿ ಸರಳವಾಗಿತ್ತು. ಸಹಕಾರ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟರು. 10 ಲಕ್ಷ ರೂಪಾಯಿ ಕೂಡಿತು. 1976ರಲ್ಲಿ ‘ಮಂಥನ್’ ಬಂದಾಗ ತೆರೆಯ ಮೇಲೆ ನಿರ್ಮಾಪಕರ ಜಾಗದಲ್ಲಿ ಗುಜರಾತಿನ ಐದು ಲಕ್ಷ ರೈತರೆಂದೇ ಬರೆದಿತ್ತು. ಹಳ್ಳಿಗೆ ಬರುವ ಪಶುವೈದ್ಯ ಡಾ. ರಾವ್ ಪಾತ್ರದಲ್ಲಿ ನಮ್ಮ ಗಿರೀಶ ಕಾರ್ನಾಡ, ಜೊತೆಗೆ ಅನಂತ ನಾಗ್. ಬಿಂದುವಾಗಿ ಸ್ಮಿತಾ ಪಾಟೀಲ್, ಕ್ಯಾಮೆರಾ ಗೋವಿಂದ ನಿಹಲಾನಿ.

ಚಿತ್ರ ಬಿಡುಗಡೆಯಾದಾಗ ರೈತರು ಲಾರಿಗಳಲ್ಲಿ ತುಂಬಿಕೊಂಡು ಚಿತ್ರಮಂದಿರಗಳಿಗೆ ಬಂದರು. ಅವರು ತಮ್ಮದೇ ಚಿತ್ರ ನೋಡಲು ಬಂದಿದ್ದರು. ಅದಕ್ಕಿಂತ ಹೆಚ್ಚಿನ ಸಂಗತಿ ಆಮೇಲೆ ನಡೆಯಿತು. ಚಿತ್ರವನ್ನು 16 ಎಂಎಂ ಪ್ರಿಂಟುಗಳಲ್ಲಿ ದೇಶದ ಬೇರೆ ಬೇರೆ ಹಳ್ಳಿಗಳಿಗೆ ಒಯ್ದು ತೋರಿಸಿ, ಹೊಸ ಹಾಲಿನ ಸಂಘಗಳನ್ನು ಕಟ್ಟುವ ಕೆಲಸಕ್ಕೆ ಬಳಸಿಕೊಂಡರು. ಹಂಚಿಕೆದಾರನ ಕೃಪೆಗೆ ಕಾಯದೆ ಅದು ತನ್ನ ಊರುಗಳನ್ನು ಹುಡುಕಿಕೊಂಡಿತು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಒಬ್ಬನೇ 10 ಲಕ್ಷ ಕೊಟ್ಟಿದ್ದರೆ ಅವನಿಗೆ ಕಥೆ ಬದಲಿಸಿ ಎನ್ನುವ ಅಧಿಕಾರ ಬರುತ್ತಿತ್ತು. 2 ರೂಪಾಯಿ ಕೊಟ್ಟವನಿಗೆ ಆ ಅಧಿಕಾರ ಬರುವುದಿಲ್ಲ. ಆದರೆ ಚಿತ್ರ ನನ್ನದು, ನಾನು ನೋಡಲೇಬೇಕು ಎನ್ನುವ ಹಕ್ಕು ಬರುತ್ತದೆ. ದುಡ್ಡು ಸಣ್ಣ ಸಣ್ಣ ಪಾಲಾಗಿ ಹರಡಿದಷ್ಟೂ ಅಪ್ಪಣೆ ಮಾಡುವವರು ಇಲ್ಲವಾಗುತ್ತಾರೆ, ನೋಡುವವರು ಹೆಚ್ಚುತ್ತಾರೆ. ‘ಮಂಥನ್’ ಸಹಕಾರ ಚಳವಳಿಯ ಪರವಾದ ಚಿತ್ರವೇ. ಆದರೂ ಹಳ್ಳಿಯೊಳಗಿನ ಜಾತಿಯ ಬಿರುಕನ್ನು ಅದು ಮುಚ್ಚಿಡಲಿಲ್ಲ. ಡಾ. ರಾವ್ ಕೊನೆಯಲ್ಲಿ ಊರು ಬಿಟ್ಟು ಹೋಗುತ್ತಾನೆ, ಕೆಲಸ ಹಳ್ಳಿಯವರ ಕೈಗೆ ಉಳಿಯುತ್ತದೆ. ಬರೀ ಪ್ರಚಾರಕ್ಕೆ ಮಾಡಿದ ಚಿತ್ರವಾಗಿದ್ದರೆ ಇಂಥ ಕೊನೆ ಸಿಗುತ್ತಿರಲಿಲ್ಲ. 2024ರಲ್ಲಿ ಕಾನ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದರ ಪುನರುಜ್ಜೀವಿತ ಪ್ರತಿ ತೆರೆಕಂಡಿತು. ಅದೇ ವರ್ಷ ನಮ್ಮ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿಯೂ ವೆನಿಸ್‌ನಲ್ಲಿ ತೆರೆಕಂಡಿತು.

ಒಡೆಸ್ಸಾದ ದಾರಿ

‘ಮಂಥನ್’ಗೆ ಗಟ್ಟಿಯಾದ ಸಂಸ್ಥೆಯೊಂದರ ಬೆಂಬಲವಿತ್ತು. ಅಂಥ ಸಂಸ್ಥೆಯೂ ಇಲ್ಲದಿದ್ದರೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಕೇರಳದ ಜಾನ್ ಅಬ್ರಹಾಂ. ಅವರು ಬಳ್ಳಾರಿಯಲ್ಲಿ ಜೀವವಿಮಾ ನಿಗಮದ ನೌಕರಿಯಲ್ಲಿದ್ದವರು. ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿ ಋತ್ವಿಕ್ ಘಟಕ್ ಅವರ ಶಿಷ್ಯರಾದರು. 1977ರಲ್ಲಿ ತಮಿಳಿನಲ್ಲಿ ‘ಅಗ್ರಹಾರತ್ತಿಲ್ ಕಳುದೈ’ ಮಾಡಿದರು.

1984ರಲ್ಲಿ ಕೋಳಿಕ್ಕೋಡಿನಲ್ಲಿ ಜಾನ್ ಮತ್ತು ಗೆಳೆಯರು ಒಡೆಸ್ಸಾ ಎಂಬ ಬಳಗ ಕಟ್ಟಿದರು. ಊರಿಂದ ಊರಿಗೆ ಹೋಗಿ, ಬೀದಿ ನಾಟಕ ಆಡಿ, ಚಾಪ್ಲಿನ್‌ನ ‘ದಿ ಕಿಡ್’ ತೋರಿಸಿ, ನೆರೆದ ಜನರ ಮುಂದೆ ಕೈಯೊಡ್ಡಿದರು. ಜನ ತಮಗೆ ಆದಷ್ಟು ಹಾಕಿದರು. ಹಾಗೆ ಕೂಡಿದ ದುಡ್ಡಿನಲ್ಲಿ ತಯಾರಾದದ್ದು 1986ರ ‘ಅಮ್ಮ ಅರಿಯಾನ್’. ಕ್ಯಾಮೆರಾ ವೇಣು ಅವರದ್ದು, ಸಂಕಲನ ಬೀನಾ ಪಾಲ್ ಅವರದ್ದು, ಮುಖ್ಯಪಾತ್ರದಲ್ಲಿ ಜಾಯ್ ಮ್ಯಾಥ್ಯೂ. ಚಿತ್ರ ಮುಗಿದ ಮೇಲೆ ಒಡೆಸ್ಸಾ ಅದನ್ನು ಕೇರಳದ ಉದ್ದಗಲಕ್ಕೂ ಲಾಭದ ಹಂಗಿಲ್ಲದೆ ತೋರಿಸಿತು.

ಕಥೆ ಹೀಗಿದೆ. ಪುರುಷನ್ ಎಂಬ ತರುಣ ದಿಲ್ಲಿಗೆ ಹೊರಟಿದ್ದಾನೆ. ವಯನಾಡಿನ ದಾರಿಯಲ್ಲಿ ನೇಣು ಬಿಗಿದ ಯುವಕನ ಹೆಣ ಕಾಣುತ್ತದೆ. ಮುಖ ಎಲ್ಲೋ ನೋಡಿದಂತಿದೆ. ಅವನು ಯಾರೆಂದು ಹುಡುಕುತ್ತ, ಹರಿ ಎಂದು ಗೊತ್ತಾದ ಮೇಲೆ ಕೊಚ್ಚಿಯಲ್ಲಿರುವ ಅವನ ತಾಯಿಗೆ ಸುದ್ದಿ ಮುಟ್ಟಿಸಲು ಹೊರಡುತ್ತಾನೆ. ದಾರಿಯ ಪ್ರತಿ ಊರಿನಲ್ಲೂ ಹರಿಯ ಗೆಳೆಯರು ಜೊತೆಗೂಡುತ್ತಾರೆ. ಒಬ್ಬನ ಪ್ರಯಾಣ ಗುಂಪಿನ ಪ್ರಯಾಣವಾಗುತ್ತದೆ, ಪ್ರತಿ ಊರಿನ ಹೋರಾಟದ ನೆನಪೂ ಚಿತ್ರದೊಳಗೆ ಬಂದು ಸೇರುತ್ತದೆ. ಒಡೆಸ್ಸಾ ದುಡ್ಡು ಕೂಡಿಸಿದ ರೀತಿಗೂ ಚಿತ್ರದ ಕಥೆ ನಡೆಯುವ ರೀತಿಗೂ ಇರುವ ಹೋಲಿಕೆಯನ್ನು ಗಮನಿಸಿ. ಎರಡೂ ಊರಿಂದ ಊರಿಗೆ ನಡೆಯುತ್ತವೆ, ಎರಡರಲ್ಲೂ ಜನ ಕೂಡುತ್ತ ಹೋಗುತ್ತಾರೆ. ದುಡ್ಡಿನ ದಾರಿ ಬದಲಾದರೆ ಕಥೆಯ ನಡಿಗೆಯೂ ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಕ್ಕಿಲ್ಲ. ಬಡ್ಡಿಗೆ ತಂದ ದುಡ್ಡಿನಲ್ಲಿ, ನಾಯಕನ ಕಾಲ್‌ಶೀಟಿಗೆ ಕಟ್ಟುಬಿದ್ದು, ಯಾರೂ ಇಂಥ ಚಿತ್ರ ಕಟ್ಟಲಾರರು.

1987ರ ಮೇ 31ರಂದು ಜಾನ್ ಕೋಳಿಕ್ಕೋಡಿನಲ್ಲಿ ಮಹಡಿಯಿಂದ ಬಿದ್ದು ತೀರಿಕೊಂಡರು. ಒಡೆಸ್ಸಾದ ಮೊದಲಿನ ಕಸುವು ಅಲ್ಲಿಗೆ ಉಡುಗಿತು. ಅದರಿಂದ ನಾವು ಕಲಿಯಬೇಕಾದ ಪಾಠವೂ ಇದೆ. ಜನರಿಂದ ದುಡ್ಡು ಎತ್ತುವ ಏರ್ಪಾಡು ಒಬ್ಬರ ವ್ಯಕ್ತಿತ್ವಕ್ಕೆ ಜೋತುಬಿದ್ದರೆ ಅವರೊಂದಿಗೇ ಸೊರಗುತ್ತದೆ. ಹಾಲಿನ ಸಂಘದ ಶಿಸ್ತು ಮತ್ತು ಒಡೆಸ್ಸಾದ ಸ್ವಾತಂತ್ರ್ಯ ಒಂದೇ ಕಡೆ ಕೂಡಬೇಕು.

ಹೆಗ್ಗೋಡು, ‘ಲೂಸಿಯಾ’, ‘ತಿಥಿ’

ಕನ್ನಡದಲ್ಲಿ ಅಂಥ ಶಿಸ್ತಿನ ಬೀಜ ಬಿತ್ತಿದವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ. ಎಪ್ಪತ್ತರ ದಶಕದಲ್ಲಿ ಅವರ ನೀನಾಸಂ ಸಂಸ್ಥೆಯ ಚಿತ್ರಸಮಾಜ ಮಲೆನಾಡಿನ ಹಳ್ಳಿಯ ಜನಕ್ಕೆ ಜಗತ್ತಿನ ದೊಡ್ಡ ಚಿತ್ರಗಳನ್ನು ತೋರಿಸಿತು, ಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿತು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ರಾಯ್, ಕುರೋಸಾವಾ ಅವರ ಚಿತ್ರಗಳನ್ನು ಕುರಿತು ಚರ್ಚಿಸಬಲ್ಲರು ಎಂದು ಸುಬ್ಬಣ್ಣ ನಂಬಿದ್ದರು, ಆ ನಂಬಿಕೆ ಹುಸಿಯಾಗಲಿಲ್ಲ. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗದು ಎಂಬ ಮಾತನ್ನು ನಮ್ಮ ಚಿತ್ರೋದ್ಯಮದ ಗಾಂಧಿನಗರ ಇವತ್ತಿಗೂ ಆಡುತ್ತದೆ. ಹೆಗ್ಗೋಡು ಅದಕ್ಕೆ ಆಗಲೇ ಉತ್ತರ ಕೊಟ್ಟಿದೆ.

ಅದೇ ನೀನಾಸಂನಲ್ಲಿ ಕಲಿತ ಸತೀಶ್ 2013ರಲ್ಲಿ ‘ಲೂಸಿಯಾ’ದ ನಾಯಕನಾದದ್ದು ನನಗೆ ಖುಷಿಯ ಸಂಗತಿ. ನಿರ್ದೇಶಕ ಪವನ್ ಕುಮಾರ್ ತಮ್ಮ ಕಥೆಗೆ ನಿರ್ಮಾಪಕರು ಸಿಗದಾಗ ನೇರವಾಗಿ ನೋಡುಗರ ಮುಂದೆ ನಿಂತರು. ಒಂದು ತಿಂಗಳೊಳಗೆ ನೂರಕ್ಕೂ ಹೆಚ್ಚು ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಬಂತು. ದುಡ್ಡು ಹಾಕಿದವರಲ್ಲಿ ಹೆಚ್ಚಿನವರಿಗೆ ಸಿನಿಮಾ ವ್ಯಾಪಾರದ ಗಂಧಗಾಳಿ ಇರಲಿಲ್ಲ. ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ, ನಿದ್ದೆ ಬಾರದ ಹುಡುಗನ ಕಥೆ ಅದು. ಕನಸು ಮತ್ತು ಎಚ್ಚರಗಳನ್ನು ಹೆಣೆದ ಅದರ ಚಿತ್ರಕಥೆಯನ್ನು ರಿಸ್ಕ್ ಎಂದು ಹೇಳಿದವರ ಮುಂದೆಯೇ ಜನ ಅದನ್ನು ಗೆಲ್ಲಿಸಿದರು. ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು.

ಇಷ್ಟರ ಹೊತ್ತಿಗೆ ಡಿಜಿಟಲ್ ಕ್ಯಾಮೆರಾ ಬಂದು ಕಚ್ಚಾ ಫಿಲ್ಮಿನ ಅಡಿಲೆಕ್ಕ ಮುಗಿದಿತ್ತು. ಎಷ್ಟು ಟೇಕ್ ಬೇಕಾದರೂ ತೆಗೆಯಬಹುದಾದ್ದರಿಂದ ಎಂದೂ ಕ್ಯಾಮೆರಾ ಎದುರಿಸದವರೂ ನಟಿಸುವಂತಾಯಿತು. ರಾಮ್ ರೆಡ್ಡಿ ಮತ್ತು ಈರೇಗೌಡರ ‘ತಿಥಿ’ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರವರನ್ನೇ ಪಾತ್ರಗಳಾಗಿಸಿತು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ‘ಶಿವಮ್ಮ’ 2022ರಲ್ಲಿ ಬೂಸಾನ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ‘ತಿಥಿ’ಯ ಸೆಂಚುರಿ ಗೌಡ, ಗಡ್ಡಪ್ಪ ಆಡಿದ ಮಂಡ್ಯದ ಮಾತನ್ನು ಯಾವ ನಟನಾ ಶಾಲೆಯೂ ಕಲಿಸಲಾಗದು. ಆ ಮಾತು ತೆರೆಗೆ ಬಂದದ್ದು ಸ್ವತಂತ್ರ ಸಿನಿಮಾ ಕನ್ನಡಕ್ಕೆ ಕೊಟ್ಟ ದೊಡ್ಡ ಕೊಡುಗೆ.

ಉಳಿದಿರುವ ಕೆಲಸ

ಹಾಗಾದರೆ ತೊಡಕು ಎಲ್ಲಿದೆ? ಚಿತ್ರ ಮುಗಿದ ಮಾರನೆಯ ದಿನದಿಂದ ಶುರುವಾಗುತ್ತದೆ. ನಮ್ಮಲ್ಲಿ ಒಂಟಿ ಪರದೆಯ ಚಿತ್ರಮಂದಿರಗಳು ಬಹಳ ಕಾಲದಿಂದ ವಾರದ ಬಾಡಿಗೆಯ ಮೇಲೆ ನಡೆದುಬಂದಿವೆ. ಸೀಟು ಖಾಲಿಯಿದ್ದರೂ ಚಿತ್ರದವರು ಬಾಡಿಗೆ ಕಟ್ಟಬೇಕು. ಮಲ್ಟಿಪ್ಲೆಕ್ಸಿನಲ್ಲಿ ಪಾಲಿನ ಲೆಕ್ಕವಿದೆ, ಆದರೆ ಶುಕ್ರವಾರ ತೆರೆಕಂಡ ಸಣ್ಣ ಚಿತ್ರದ ಹಣೆಬರಹ ಸೋಮವಾರದೊಳಗೆ ತೀರ್ಮಾನವಾಗುತ್ತದೆ. ಬಾಯಿಂದ ಬಾಯಿಗೆ ಸುದ್ದಿ ಹರಡುವಷ್ಟರಲ್ಲಿ ಪೋಸ್ಟರ್ ಬದಲಾಗಿರುತ್ತದೆ. ಓಟಿಟಿ ವೇದಿಕೆಗಳು ಕೊಳ್ಳುವುದು ಅವರ ಲೆಕ್ಕಕ್ಕೆ ಸರಿಹೊಂದಿದ ಚಿತ್ರಗಳನ್ನು. ಸಬ್ಸಿಡಿ ಚಿತ್ರ ಮಾಡಲು ನೆರವಾಗುತ್ತದೆ, ತೋರಿಸುವ ಹೊಣೆ ಹೊರುವುದಿಲ್ಲ. ಪ್ರಶಸ್ತಿ ಪಟ್ಟಿಯಲ್ಲಿ ಹೆಸರು ಓದಿ ಹೆಮ್ಮೆಪಟ್ಟ ಕನ್ನಡಿಗನಿಗೆ ಆ ಚಿತ್ರ ನೋಡಲು ತನ್ನ ತಾಲ್ಲೂಕಿನಲ್ಲಿ ಜಾಗವಿರುವುದಿಲ್ಲ.

ಇದಕ್ಕೆ ಸರ್ಕಾರದತ್ತ ಬೆರಳು ತೋರಿಸಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಸಾಹಿತ್ಯಕ್ಕಾಗಿ ಕನ್ನಡಿಗರು ಕಟ್ಟಿದ ಒಂದು ಸೊಗಸಾದ ಏರ್ಪಾಡು ನಮ್ಮ ಕಣ್ಣ ಮುಂದೆಯೇ ಇದೆ. ಒಂದು ಮೊತ್ತವನ್ನು ಸಂಸ್ಥೆಯ ಹೆಸರಿನಲ್ಲಿ ಠೇವಣಿ ಇಟ್ಟು, ಅಸಲು ಮುಟ್ಟದೆ, ಬಡ್ಡಿಯಲ್ಲಿ ವರ್ಷ ವರ್ಷ ಉಪನ್ಯಾಸ ನಡೆಸುವ ದತ್ತಿಯ ಏರ್ಪಾಡು ಅದು. ಅದೇ ರೀತಿ ಪ್ರತಿ ತಾಲ್ಲೂಕಿನಲ್ಲಿ ಒಂದು ಸಿನಿಮಾ ದತ್ತಿ ಇರಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಊರಿನ ಶಿಕ್ಷಕರು, ಅಂಗಡಿಯವರು, ಸಹಕಾರ ಸಂಘದವರು, ಹೊರದೇಶಕ್ಕೆ ಹೋದ ಮಕ್ಕಳು ತಲಾ ಸಣ್ಣ ಪಾಲು ಹಾಕಲಿ. ಅದರ ಬಡ್ಡಿಯಲ್ಲಿ ತಿಂಗಳಿಗೊಂದು ಕನ್ನಡ ಚಿತ್ರವನ್ನು, ಸೆನ್ಸಾರ್ ಪ್ರಮಾಣಪತ್ರವಿರುವ ಪ್ರತಿಯನ್ನು, ನಿರ್ಮಾಪಕರಿಗೆ ನ್ಯಾಯವಾದ ಗೌರವಧನ ಕೊಟ್ಟು ತೋರಿಸಲಿ. ಜಾಗವನ್ನು ಹೊಸದಾಗಿ ಕಟ್ಟಬೇಕಿಲ್ಲ. ಕಾಲೇಜಿನ ಸಭಾಂಗಣ, ಕನ್ನಡ ಭವನ, ಸಮುದಾಯ ಭವನ ಇವೆ. ಒಳ್ಳೆಯ ಪ್ರೊಜೆಕ್ಟರ್ ಮತ್ತು ಸ್ಪಷ್ಟವಾದ ಧ್ವನಿವ್ಯವಸ್ಥೆಗೆ ಮಾತ್ರ ಜಿಪುಣತನ ಮಾಡಬಾರದು, ಯಾಕೆಂದರೆ ಕೇಳಿಸದ ಮಾತಿಗೆ ಜನ ಮತ್ತೆ ಬರುವುದಿಲ್ಲ. ಸಾಧ್ಯವಾದಾಗ ಚಿತ್ರ ಮಾಡಿದವರನ್ನೇ ಕರೆಸಿ, ಊರವರ ಎದುರು ನಿಲ್ಲಿಸಿ, ಪ್ರಶ್ನೆ ಕೇಳಿ.

ನೂರು ತಾಲ್ಲೂಕುಗಳಲ್ಲಿ ಇಂಥ ಬಳಗಗಳು ನಿಂತರೆ ಅವು ಬರೀ ನೋಡುವ ಬಳಗಗಳಾಗಿ ಉಳಿಯುವುದಿಲ್ಲ. ಮುಂದಿನ ಚಿತ್ರಕ್ಕೆ ಮುಂಗಡವಾಗಿ ದುಡ್ಡು ಹಾಕಬಲ್ಲ ಬಳಗಗಳಾಗುತ್ತವೆ. ಒಂದೊಂದು ಬಳಗ 50,000 ರೂಪಾಯಿ ಮುಂಗಡ ಕೊಟ್ಟರೆ ಒಟ್ಟು 50 ಲಕ್ಷ ರೂಪಾಯಿಯಾಗುತ್ತದೆ. ‘ಲೂಸಿಯಾ’ಕ್ಕೆ ನೂರು ಚಿಲ್ಲರೆ ಮಂದಿ ಕೂಡಿಸಿದ್ದು ಅಷ್ಟೇ ಮೊತ್ತ. ಆಗ ನಿರ್ದೇಶಕರಿಗೆ ಚಿತ್ರ ಶುರುವಾಗುವ ಮೊದಲೇ ನೂರು ಊರುಗಳಲ್ಲಿ ಪರದೆ ಸಿದ್ಧವಿರುತ್ತದೆ. ನಂಬಿಕೆ ಉಳಿಯಬೇಕಾದರೆ ಲೆಕ್ಕ ಬಹಿರಂಗವಾಗಿರಬೇಕು. ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಪ್ರತಿ ಬಳಗಕ್ಕೂ ಬರೆದು ಕೊಡಬೇಕು. ಸಹಕಾರ ಸಂಘಗಳನ್ನು ಕಟ್ಟಿ ನಡೆಸಿದ ನಾಡಿಗೆ ಇದು ಹೊಸ ವಿದ್ಯೆಯೇನಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನಿಮ್ಮಲ್ಲಿ ಹಲವರ ಬಳಿ ಕಥೆಯಿದೆ, ಕ್ಯಾಮೆರಾ ಇದೆ, ಎಡಿಟ್ ಮಾಡುವ ಕಂಪ್ಯೂಟರ್ ಇದೆ. ಮೊದಲ ಚಿತ್ರಕ್ಕೆ ಕೈಹಾಕುವ ಮುನ್ನ ಒಂದು ವರ್ಷ ನಿಮ್ಮೂರಿನಲ್ಲಿ ಬೇರೆಯವರ ಚಿತ್ರಗಳನ್ನು ತೋರಿಸಿ. ಯಾರು ಬರುತ್ತಾರೆ, ಎಲ್ಲಿ ನಗುತ್ತಾರೆ, ಎಲ್ಲಿ ಎದ್ದು ಹೋಗುತ್ತಾರೆ, ಮುಗಿದ ಮೇಲೆ ಏನು ಕೇಳುತ್ತಾರೆ ಎಂದು ಕಲಿಯಿರಿ. ಅವರನ್ನು ಹೆಸರು ಹಿಡಿದು ಕರೆಯುವಷ್ಟು ಪರಿಚಯ ಮಾಡಿಕೊಳ್ಳಿ. ಆಮೇಲೆ ನಿಮ್ಮ ಚಿತ್ರಕ್ಕೆ ಅವರ ಮುಂದೆಯೇ ಕೈಯೊಡ್ಡಿ. ಕೊಟ್ಟವರು ನೋಡಲು ಬರುತ್ತಾರೆ, ನೋಡಿದವರು ಮುಂದಿನ ಚಿತ್ರಕ್ಕೂ ಕೊಡುತ್ತಾರೆ. ಕನ್ನಡದಲ್ಲಿ ಸ್ವತಂತ್ರ ಸಿನಿಮಾ ಬಾಳಿ ಬದುಕುವುದು ಹೀಗೆ ಎಂದು ನಾನು ದೃಢವಾಗಿ ನಂಬಿದ್ದೇನೆ.